ರೊಟ್ಟಿಯಿಲ್ಲದ ಉಳ್ಳಾಗಡ್ಡಿ ಸಾರು

ಅಡಿವೆಪ್ಪಜ್ಜನ ಎಡಗಾಲಿನ ಕಿರುಬೆರಳು ಕತ್ತರಿಸಿ ಒಂಬತ್ತು ದಿನವಾಗಿತ್ತು.

ಮಲಪ್ರಭೆಯ ದಂಡೆಯಲ್ಲಿ ಅವರು ಗುರುವಾಗಿದ್ದ ಸಣ್ಣ ಮಠಕ್ಕೆ ಪೇಟೆಯಿಂದ ಡಾಕ್ಟರು ಬಂದರು. ಕಟ್ಟು ಬಿಚ್ಚಿ ನೋಡಿದರು. ಮುಖ ಸಿಂಡರಿಸಿ ಮತ್ತೆ ಕಟ್ಟಿದರು.

"ಅಜ್ಜಾರ, ಸಕ್ರಿ ಬ್ಯಾನಿ ಮಾತು ಕೇಳೂದಿಲ್ಲ. ರೊಟ್ಟಿ ಬಂದ್. ಅನ್ನ ಬಂದ್. ಬೆಲ್ಲ ಬಂದ್. ತಿಂಗಳಿಗೆ ಮತ್ತ ಬರತೇನಿ. ಸಕ್ರಿ ಇಳೀದಿದ್ರ ಪಾದ ತಗೀಬೇಕಾಗತೈತಿ."

"ಸಂಜಿ ಸಾರು?" ಅಜ್ಜ ಕೇಳಿದರು.

"ಏನೇನ ಹಾಕತೀರಿ ಅದಕ್ಕ?"

ಬಾಗಿಲಲ್ಲಿ ನಿಂತಿದ್ದ ಫಕೀರವ್ವ ಹೇಳಿದಳು. ಮಠದ ಅಡುಗೆಮನೆ ಅವಳದು.

"ಬುಟ್ಟಿ ಉಳ್ಳಾಗಡ್ಡಿ. ದೊಡ್ಡ ಹೆಂಟಿ ಬೆಲ್ಲ. ಎರಡು ಸೇರು ಜೋಳದ ಹಿಟ್ಟು. ಮ್ಯಾಲೆ ಖಡಕ್ ರೊಟ್ಟಿ ಮುರದು ಹಾಕತೇವ್ರಿ."

"ಅದನ್ನ ಮೊದಲ ಬಿಡಸವ್ವಾ."

ಅಜ್ಜ ನಕ್ಕರು.

"ಪಾದ ಬೇಕಾದ್ರ ಒಯ್ರಿ ಡಾಕ್ಟರ. ಸಾರು ಇಲ್ಲೇ ಇರಲಿ."

ಅಂಗಳದಲ್ಲಿದ್ದವರೆಲ್ಲ ಕೈ ಮುಗಿದರು. ಎಂಥ ವೈರಾಗ್ಯ, ದೇಹದ ಹಂಗೇ ಇಲ್ಲವಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಹಿರಿಯ ಶಿಷ್ಯ ಶಂಭಯ್ಯನ ಕಣ್ಣಲ್ಲಂತೂ ನೀರೇ ಬಂತು.

ಫಕೀರವ್ವ ಕೈ ಮುಗಿಯಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅವಳ ತಾಯಿ ಇದೇ ರೋಗದಲ್ಲಿ ಹೋದವಳು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು. ಅದಾದ ಮೇಲೆ ಹನ್ನೊಂದು ವರ್ಷದಿಂದ ಅಜ್ಜನೇ ಅವಳಿಗೆ ತಾಯಿ, ತಂದೆ, ಎಲ್ಲ. ವೈರಾಗ್ಯದ ಮಾತು ಕೇಳಲು ಚೆಂದ. ಕಾಲು ಕಳೆದುಕೊಂಡವರನ್ನು ಹೊತ್ತು ಬಚ್ಚಲಿಗೆ ಒಯ್ದವರಿಗೆ ಅದು ಅಷ್ಟು ಚೆಂದ ಕೇಳಿಸುವುದಿಲ್ಲ.

ಡಾಕ್ಟರು ಹೊರಟಾಗ ಅವಳು ಊರ ಅಗಸೆಬಾಗಿಲವರೆಗೂ ಹಿಂದೆಯೇ ಓಡಿದಳು.

"ಉಳ್ಳಾಗಡ್ಡಿ ನಡೀತೈತೇನ್ರಿ?"

"ನಡೀತೈತಿ. ಬುಟ್ಟಿಗಟ್ಲೆ ಅಲ್ಲ, ಅದರಾಗೂ ಸಕ್ರಿ ಇರತೈತಿ."

"ಎಣ್ಣಿಕಾಳು? ಮೊಸರು?"

"ನಡೀತಾವು. ಹಿಟ್ಟು ಮಾತ್ರ ಮುಟ್ಟಬ್ಯಾಡ್ರಿ."

ಅಂದು ಸಂಜೆ ಫಕೀರವ್ವ ಅಜ್ಜನ ಮುಂದೆ ಒಂದು ಸಣ್ಣ ಪಾತ್ರೆ ತಂದಿಟ್ಟಳು.

"ಏನಿದು?"

"ಸಾರ್ರಿ. ಹಿಟ್ಟಿಲ್ಲ, ಬೆಲ್ಲ ಇಲ್ಲ, ರೊಟ್ಟಿ ಇಲ್ಲ."

"ಯಾರಿಗೆ?"

"ನಿಮಗ."

ಅಜ್ಜ ಪಾತ್ರೆ ಎತ್ತಿಕೊಂಡರು. ಗೋಡೆ ಹಿಡಿದು ಕುಂಟುತ್ತ ದೊಡ್ಡ ಹಂಡೆಯವರೆಗೆ ನಡೆದರು. ಪಾತ್ರೆಯನ್ನು ಹಂಡೆಗೆ ಬಗ್ಗಿಸಿಬಿಟ್ಟರು.

"ಈ ಮಠದಾಗ ಒಬ್ಬರ ಹೆಸರಿನ ಪಾತ್ರಿ ಇಲ್ಲ ಮಗಳ. ನಮ್ಮ ಗುರುಗಳು ಹಂಡೆ ಇಟ್ಟು ಅರವತ್ತು ವರ್ಷ ಆತು. ಬಂದವರಿಗೆಲ್ಲ ಒಂದ ಹಂಡೆ. ನನಗೂ ಅದ."

ಅದು ನಿಜ. ಅಷ್ಟೇ ಅಲ್ಲ, ಅಜ್ಜ ಉಣ್ಣುತ್ತಿದ್ದುದು ಎಲ್ಲರಿಗಿಂತ ಕೊನೆಗೆ. ಇಟ್ಟಂಗಿ ಸುಡುವ ಬಟ್ಟಿಯಲ್ಲಿ ದುಡಿಯುವ ನಲವತ್ತು ಮಂದಿ ದಿನವೂ ಸಂಜೆ ಬಂದು ಉಂಡು ಎದ್ದಮೇಲೆ ಅಜ್ಜ ಹಂಡೆಯ ಮುಂದೆ ಕೂತು ತಳದಲ್ಲಿ ಉಳಿದದ್ದನ್ನು ಬಳಿದು ಉಣ್ಣುವರು. ಉಳಿಯದಿದ್ದರೆ ನೀರು ಕುಡಿದು ಮಲಗುವೆನೆಂಬುದು ಅವರ ವ್ರತ. ಫಕೀರವ್ವ ಕಂಡಂತೆ ಉಳಿಯದ ದಿನವೇ ಇರಲಿಲ್ಲ.

ಒಂದೇ ಹಂಡೆ ತಾನೇ? ಸರಿ, ಎಂದುಕೊಂಡಳು ಫಕೀರವ್ವ.

ಮರುದಿನ ಇಡೀ ಹಂಡೆಗೇ ಹಿಟ್ಟು ಹಾಕಲಿಲ್ಲ. ಬೆಲ್ಲ ಹಾಕಲಿಲ್ಲ. ಒಂದು ಚೂರು ರೊಟ್ಟಿಯನ್ನೂ ಮುರಿಯಲಿಲ್ಲ. ಉಳ್ಳಾಗಡ್ಡಿ ಅರ್ಧ ಬುಟ್ಟಿಗೆ ಇಳಿಯಿತು.

ಬಟ್ಟಿಯ ಮಂದಿ ಪಂಕ್ತಿಯಲ್ಲಿ ಕೂತರು. ಬಟ್ಟಲು ಬಾಯಿಗಿಟ್ಟರು. ಮುದುಕಿ ತಿಪ್ಪವ್ವ ಬಟ್ಟಲು ಕೆಳಗಿಟ್ಟು ಕೇಳಿದಳು:

"ಯವ್ವಾ, ಕೈ ತೊಳಿಯಾಕ ಕೊಟ್ಟಿದ್ದೇನ ಇದು?"

"ಸಾರು, ಅತ್ತಿ."

"ದಿನಾ ಇಟ್ಟಂಗಿ ಹೊರಾಕಿ ನಾನು. ಇದನ್ನ ಕುಡದ್ರ ನಾಳೆ ನನ್ನನ್ನ ನಾಲ್ಕು ಮಂದಿ ಹೊರಬೇಕಾಗತೈತಿ."

ಎಲ್ಲರೂ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಎದ್ದುಹೋದರು. ಹಂಡೆ ತುಂಬಿದ್ದು ತುಂಬಿದಂತೆಯೇ ಉಳಿಯಿತು.

ಫಕೀರವ್ವ ಅಜ್ಜನಿಗೆ ಬಡಿಸಲು ಸೌಟು ಎತ್ತಿದಳು.

"ಅವರು ಉಣದದ್ದನ್ನ ನಾನೂ ಉಣ್ಣೂದಿಲ್ಲ," ಅಂದರು ಅಜ್ಜ. "ಒಂದು ಪಾದದ ಸಲುವಾಗಿ ನಲವತ್ತು ಮಂದಿ ಹೊಟ್ಟಿ ಮ್ಯಾಲೆ ಹೊಡದಿ. ಸೌಟು ಕೆಳಗ ಇಡು. ನಾಳಿಂದ ಒಲಿ ಶಂಭಯ್ಯ ನೋಡಲಿ."

ಅವಳು ಸೌಟು ಇಟ್ಟಳು. ಅಜ್ಜ ಹೇಳಿದ್ದು ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಅದು ನಿಜವಾಗಿತ್ತು, ಅದಕ್ಕೇ ಹೆಚ್ಚು ನೋವಾಯಿತು.

ಮರುದಿನ ಶಂಭಯ್ಯ ಹಳೆಯ ಸಾರನ್ನೇ ಮಾಡಿದ. ಬಟ್ಟಿಯ ಮಂದಿ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಆದರೆ ಅಂದು ಅಜ್ಜ ಇರಲಿಲ್ಲ. ಗಾಯಕ್ಕೆ ಕಟ್ಟು ಹಾಕಿಸಲು ಪೇಟೆಗೆ ಹೋದವರನ್ನು ಡಾಕ್ಟರು ಅಲ್ಲೇ ಉಳಿಸಿಕೊಂಡಿದ್ದರು.

ಹಂಡೆಯ ತಳ ಹಾಗೇ ಉಳಿಯಿತು.

"ಅದು ಗುರುಗಳ ಭಾಗ, ನಾವು ಮುಟ್ಟಬಾರದು," ಅಂದ ಶಂಭಯ್ಯ. "ಹೊಳಿಗೆ ಹಾಕಿ ಹಂಡೆ ತಿಕ್ಕಿಡು."

"ಯಾಕ ಮುಟ್ಟಬಾರದ್ರಿ?"

"ಅಜ್ಜಾರು ಇಲ್ಲದಾಗೆಲ್ಲ ಹಂಗ ಮಾಡಿಕೋತ ಬಂದೇವಿ. ಹಿಂದಿನ ಗುರುಗಳ ಕಾಲಕ್ಕೂ ಹಂಗ."

ಫಕೀರವ್ವ ಹಂಡೆ ಹೊತ್ತು ಹೊಳೆಗೆ ಹೋದಳು. ಇನ್ನೂ ಬೆಳಕಿತ್ತು. ಮಂಡಿಯೂರಿ ಕೈಯಿಂದ ತಳ ಬಳಿದಳು. ಬೆರಳಿಗೆ ಮೆತ್ತಗಿನದು ಏನೋ ಹತ್ತಿತು. ಸ್ವಲ್ಪ ಹಿಂದೆಮುಂದೆ ನೋಡಿ, ಬೆರಳನ್ನು ಬಾಯಿಗಿಟ್ಟುಕೊಂಡಳು.

ಮುರಿದು ಹಾಕಿದ ರೊಟ್ಟಿಯ ದಪ್ಪ ಚೂರುಗಳೆಲ್ಲ ಅಲ್ಲಿ ಇಳಿದಿದ್ದವು. ಬೆಲ್ಲ ಅಲ್ಲಿ ಇಳಿದಿತ್ತು. ಕೆಂಪಗೆ ಹುರಿದ ಉಳ್ಳಾಗಡ್ಡಿ ಎಣ್ಣೆಯ ಸಮೇತ ಅಲ್ಲಿ ಕೂತು, ಹಿಟ್ಟಿನೊಂದಿಗೆ ಮಂದವಾಗಿ, ಹಂಡೆಯ ಬಿಸಿಗೆ ತುಸು ಸೀದು, ಅವಳು ಹುಟ್ಟಿದಾಗಿನಿಂದ ತಿನ್ನದ ರುಚಿಯಾಗಿತ್ತು.

ಅರವತ್ತು ವರ್ಷದಲ್ಲಿ ಈ ತಳ ಉಂಡವರು ಇಬ್ಬರು ಗುರುಗಳು, ಮತ್ತೆ ಹೊಳೆಯ ಮೀನುಗಳು.

ಫಕೀರವ್ವನಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಕೊನೆಗೆ ನೀರಲ್ಲಿ ಕಾಲು ಇಳಿಬಿಟ್ಟು ಕೂತು ಅತ್ತಳು. ಇದಕ್ಕಾಗಿಯೇ ಆ ಮನುಷ್ಯ ಸಾಯಲು ಹೊರಟಿದ್ದಾನಲ್ಲ, ಅದನ್ನು ನೋಡಿ ಊರೆಲ್ಲ ಕೈ ಮುಗಿಯುತ್ತಿದೆಯಲ್ಲ ಎಂದು ಅತ್ತಳು.

ಬೆಳಗ್ಗೆ ಶಂಭಯ್ಯ ಅಡುಗೆಮನೆಗೆ ಬಂದಾಗ ಅವಳು ಒಲೆಯ ಮುಂದೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

"ನಿನಗ ಸೌಟು ಮುಟ್ಟಬ್ಯಾಡ ಅಂದಾರ."

"ಇವತ್ತೊಂದು ದಿನ ಮುಟ್ಟತೇನಿ. ಬಟ್ಟಿ ಮಂದಿಯೊಳಗ ಒಬ್ಬರು ಅರೆಹೊಟ್ಟಿಲೆ ಎದ್ರೂ ಹೊಳಿ ದಾಟಿ ಹೋಗತೇನಿ. ಹೊಳ್ಳಿ ಬರೂದಿಲ್ಲ."

"ಎಲ್ಲಿಗೆ ಹೋಗತಿ? ಯಾರದಾರ ನಿನಗ?"

"ಯಾರೂ ಇಲ್ಲ."

ಶಂಭಯ್ಯ ಅವಳ ಮುಖ ನೋಡಿದ. ಒಲೆಯನ್ನು ಅವಳಿಗೇ ಬಿಟ್ಟು ಹೊರಗೆ ಹೋದ.

ಉಳ್ಳಾಗಡ್ಡಿ ಅರ್ಧ ಬುಟ್ಟಿ. ಮಿಕ್ಕ ಅರ್ಧಕ್ಕೆ ಎಲೆಕೋಸನ್ನು ಎಳೆಎಳೆಯಾಗಿ ಹೆಚ್ಚಿದಳು. ಉರಿ ತೆಗೆದಳು, ಕೆಂಡ ಮಾತ್ರ ಬಿಟ್ಟಳು. ಬೆಲ್ಲ ಕೊಡುತ್ತಿದ್ದ ಬಣ್ಣವನ್ನು ಈಗ ಉಳ್ಳಾಗಡ್ಡಿ ತಾನೇ ಕೊಡಬೇಕು. ಅದು ಅವಸರಕ್ಕೆ ಕೊಡುವಂಥದ್ದಲ್ಲ. ಉರಿ ಹೆಚ್ಚಿದರೆ ಕರಕಲಾಗಿ ಕಹಿ, ಕೈ ನಿಂತರೆ ತಳ ಹತ್ತುತ್ತದೆ. ಹೊತ್ತು ನೆತ್ತಿಗೆ ಬರುವವರೆಗೂ ಕೈಯಾಡಿಸುತ್ತಲೇ ಇದ್ದಳು. ಬಿಳಿ ಹೋಗಿ ಹಳದಿಯಾಯಿತು, ಹಳದಿ ಹೋಗಿ ಕೆಂಪಾಯಿತು.

ಬೆಳ್ಳುಳ್ಳಿ ಜಜ್ಜಿ ಹಾಕಿದಳು. ಮೆಣಸು ಕುಟ್ಟಿ ಹಾಕಿದಳು. ನೀರು ಹೊಯ್ದಳು. ಹಿಟ್ಟಿನ ಬದಲಿಗೆ ಅಗಸಿ ಬೀಜವನ್ನು ಹುರಿದು ಪುಡಿ ಮಾಡಿ ಉದುರಿಸಿದಳು. ನೀರು ಕಂಡ ಅಗಸಿ ಲೋಳೆಯಾಗಿ ಸಾರನ್ನು ಮಂದ ಮಾಡಿತು. ಮೊದಲ ಸಲ ಹೆಚ್ಚಾಗಿ ಗಂಟುಗಂಟಾಯಿತು. ಬೈದುಕೊಳ್ಳುತ್ತ ನೀರು ಹೊಯ್ದು ಕಡೆದು ಸರಿ ಮಾಡಿದಳು. ಮೇಲಕ್ಕೆ ಕೆನೆಮೊಸರು.

ಇನ್ನು ರೊಟ್ಟಿ. ನಲವತ್ತು ಮಂದಿಗೆ ಎರಡೆರಡರಂತೆ ಎಂಬತ್ತು ರೊಟ್ಟಿ ಬಡಿದಳು. ಒಂದನ್ನೂ ಹಂಡೆಗೆ ಮುರಿಯಲಿಲ್ಲ.

ಸಂಜೆ ಅಜ್ಜ ಗಾಡಿಯಿಂದ ಇಳಿದರು. ಅಡುಗೆಮನೆಯಲ್ಲಿ ಅವಳನ್ನು ನೋಡಿದರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಫಕೀರವ್ವ ಪಂಕ್ತಿಯಲ್ಲಿ ಕೂತ ಒಬ್ಬೊಬ್ಬರ ಬಟ್ಟಲಿಗೂ ಸಾರು ಬಡಿಸಿದಳು. ಒಬ್ಬೊಬ್ಬರ ಕೈಗೂ ರೊಟ್ಟಿ ಕೊಟ್ಟಳು.

"ಹಂಡೆ ಒಂದ. ರೊಟ್ಟಿ ಬೇಕಾದವರು ಮುರಕೊಂಡು ಹಾಕ್ಕೊಳ್ರಿ. ಬ್ಯಾಡಾದವರು ಬಿಡ್ರಿ."

ತಿಪ್ಪವ್ವ ಎರಡೂ ರೊಟ್ಟಿಯನ್ನು ಮುರಿದು ಬಟ್ಟಲಿಗೆ ಹಾಕಿಕೊಂಡಳು. ಒತ್ತಿದಳು. ಉಂಡಳು. ಫಕೀರವ್ವ ಸೌಟು ಹಿಡಿದು ಅಲ್ಲೇ ನಿಂತಳು.

ಮುದುಕಿ ತಲೆ ಎತ್ತಲಿಲ್ಲ. ಬಟ್ಟಲನ್ನು ಮುಂದಕ್ಕೆ ಚಾಚಿದಳು.

"ಹಾಕವ್ವಾ ಇನ್ನಷ್ಟು. ಯಾರನ್ನ ನೋಡಕೋತ ನಿಂತಿ?"

ನಲವತ್ತು ಮಂದಿಯೂ ಹೊಟ್ಟೆ ತುಂಬ ಉಂಡರು. ಉಂಡವರು ಬಟ್ಟಲು ತೊಳೆದು, ಅಜ್ಜ ಉಣ್ಣುವುದನ್ನು ಕಣ್ಣಾರೆ ಕಂಡು ಕೈ ಮುಗಿದು ಹೋಗಲೆಂದು ಎಂದಿನಂತೆ ಅಂಗಳದಲ್ಲಿ ನಿಂತರು.

ಅಜ್ಜ ಹಂಡೆಯ ಮುಂದೆ ಕೂತರು. ಸೌಟನ್ನು ತಳಕ್ಕೆ ಇಳಿಸಿದರು. ಒಮ್ಮೆ ತಿರುವಿದರು. ಇನ್ನೊಮ್ಮೆ ತಿರುವಿದರು.

"ತಳ ಎಲ್ಲಿ?"

"ಇಲ್ರಿ. ಮ್ಯಾಲೆ ಹೆಂಗೈತೋ ಕೆಳಗೂ ಹಂಗ ಐತಿ."

ಅಜ್ಜ ಸೌಟು ಬಿಟ್ಟರು.

"ನನಗ ಹಸಿವಿಲ್ಲ. ಎತ್ತಿಡು."

"ಎತ್ತೂದಿಲ್ಲ."

"ಫಕೀರವ್ವಾ!" ಶಂಭಯ್ಯ ಗದರಿದ. "ಗುರುಗಳ ಮುಂದ ಹ್ಯಾಂಗ ಮಾತಾಡಬೇಕು ಅನ್ನೂದು ಗೊತ್ತಿಲ್ಲೇನು?"

"ಗೊತ್ತೈತ್ರಿ. ಹನ್ನೊಂದು ವರ್ಷ ಹಂಗ ಮಾತಾಡೇನಿ." ಅವಳು ಅಜ್ಜನ ಕಡೆ ತಿರುಗಿದಳು. "ಅಜ್ಜಾರ, ನಿನ್ನೆ ನಾನು ತಳ ಉಂಡೆ."

ಅವಳು ಹಂಡೆಯ ತಳಕ್ಕೆ ಕೈ ತೋರಿಸಿದಳು.

"ನೀವು ಕಡೀಕ ಉಣ್ಣೂದನ್ನ ನೋಡಿ ಊರೆಲ್ಲ ಕೈ ಮುಗೀತೈತಿ. ಎಲ್ಲಾರೂ ಉಂಡು ಬಿಟ್ಟದ್ದನ್ನ ಅಜ್ಜ ಉಣತಾರ ಅಂತಾರ. ಬಿಟ್ಟದ್ದಲ್ಲ ಅದು. ಆ ಹಂಡೆಯೊಳಗ ರುಚಿ ಅಂತ ಇದ್ದದ್ದು ಅಲ್ಲೇ. ನೀವು ಪಾದ ಕೊಡಾಕ ಹೊಂಟದ್ದು ವ್ರತಕ್ಕಲ್ರಿ, ನಾಲಿಗಿಗೆ. ನನ್ನವ್ವನೂ ಹಿಂಗ ನಕ್ಕೋತ ಬೆಲ್ಲ ತಿಂದಳು. ನಾಲಿಗಿ ಸಲುವಾಗಿ ಸಾಯತೀರಿ ಅಂದ್ರ ಸಾಯ್ರಿ. ವೈರಾಗ್ಯ ಅಂತ ಮಾತ್ರ ಹೇಳಬ್ಯಾಡ್ರಿ. ನಾ ನಂಬೂದಿಲ್ಲ."

ಹೇಳಿ ಮುಗಿಸಿದ ಮೇಲೆ ಅವಳು ಹೊಳೆ ದಾಟಿ ಹೋಗಲು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿಕೊಂಡಳು.

ಅಜ್ಜ ಹಂಡೆಯಿಂದ ಕಣ್ಣೆತ್ತಿ ಅವಳನ್ನು ನೋಡಿದರು.

"ಖರೇ," ಅಂದರು.

ಶಂಭಯ್ಯ ಬೆಚ್ಚಿದ. "ಅಜ್ಜಾರ..."

"ಖರೇನೋ. ತಳದಾಗ ಏನೈತಿ ಅನ್ನೂದು ನನಗ ಮೊದಲನೇ ದಿನಾನ ಗೊತ್ತಿತ್ತು."

"ಹ್ಯಾಂಗ ಗೊತ್ತಾತ್ರಿ?" ಫಕೀರವ್ವ ಕೇಳಿದಳು.

"ನಮ್ಮ ಗುರುಗಳು ತಳ ಬಳಿಯೂವಾಗ ಅವರ ಮಾರಿ ನೋಡಿದ್ದೆ."

ತಿಪ್ಪವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೂ ನಗು ಹೊರಗೆ ಬಂತು.

ಅಜ್ಜ ಬಟ್ಟಲು ಚಾಚಿದರು. ಫಕೀರವ್ವ ಬಡಿಸಿದಳು. ಅವರು ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿಕೊಂಡರು. ಮತ್ತೊಂದು ಗುಟುಕು ಕುಡಿದರು.

"ಹ್ಯಾಂಗೈತ್ರಿ?"

"ಆ ರುಚಿ ಇಲ್ಲ."

ಅವಳು ತಲೆ ತಗ್ಗಿಸಿದಳು.

"ಇನ್ನೊಂದು ಸೌಟು ಹಾಕು," ಅಂದರು ಅಜ್ಜ.

ಅವರು ಮೂರು ಸೌಟು ಸಾರು ಉಂಡರು. ರೊಟ್ಟಿ ಮುಟ್ಟಲಿಲ್ಲ. ಕೈ ತೊಳೆದು, ಗೋಡೆ ಹಿಡಿದು ಎದ್ದು ನಿಂತರು.

"ನಾಳಿಂದ ನಾನು ಎಲ್ಲಾರ ಸಂಗಾಟ ಪಂಕ್ತ್ಯಾಗ ಕೂಡತೇನಿ. ಒಲಿ ಫಕೀರವ್ವಂದು."

ಶಂಭಯ್ಯನಿಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷ ಆ ವ್ರತವನ್ನು ಊರೂರಿಗೆ ಹೇಳಿಕೊಂಡು ಬಂದವನು ಅವನು.

"ಅಜ್ಜಾರ, ಮಂದಿ ಕೇಳತಾರ. ವ್ರತ ಯಾಕ ಬಿಟ್ರಿ ಅಂತ ಕೇಳಿದ್ರ ನಾ ಏನ ಹೇಳಲಿ?"

ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟರು.

"ಅಜ್ಜಗ ನಾಲಿಗಿ ಚಪಲ ಇತ್ತು ಅಂತ ಹೇಳು. ಅದನ್ನ ಕೇಳಿ ಯಾರು ನನಗ ಕೈ ಮುಗಿಯೂದು ಬಿಡತಾರೋ, ಅವರನ್ನ ನನ್ನ ಮಗ್ಗಲ ಉಣ್ಣಾಕ ಕೂಡ್ರಸು."