ಗಾಳಿಗೆ ಬಿದ್ದ ತಡಿಕೆ

ಮಠ ಬಿಟ್ಟು ಮೊದಲ ಸಲ ದೇಶಸಂಚಾರಕ್ಕೆ ಹೊರಟಿದ್ದ ಶಿಷ್ಯ ಮರುಳಯ್ಯ ಗುರುಗಳ ಮುಂದೆ ನಿಂತು ಕೇಳಿದ: "ಬುದ್ಧಿ, ಇಲ್ಲಿ ಗೋಡೆಯಿದೆ, ಗಂಟೆಯಿದೆ, ನೀವಿದ್ದೀರಿ. ಹೊರಗೆ ಹೋದ ಮೇಲೆ ನನ್ನ ಮನಸ್ಸು ದಾರಿ ತಪ್ಪಿದರೆ ಹಿಡಿಯುವವರು ಯಾರು? ಇರುವುದರಲ್ಲೇ ಕಠಿಣವಾದ ನೇಮವೊಂದನ್ನು ಕೊಟ್ಟು ಕಳಿಸಿ."

ಗುರುಗಳು ನಕ್ಕರು. "ಬೆಳಗ್ಗೆ ಎಬ್ಬಿಸಿದರೆ ಇನ್ನೊಂದು ಗಳಿಗೆ ಎನ್ನುತ್ತಿದ್ದವನಿಗೆ ಈಗ ಕಠಿಣವಾದದ್ದೇ ಬೇಕೋ? ಕೂತುಕೋ," ಎಂದು ಈ ಕತೆ ಹೇಳಿದರು.

ಕುದುರೆ ಸಾಕುವವನೊಬ್ಬನಿದ್ದ. ಒಂದು ವರ್ಷ ಅವನು ತನ್ನ ಕುದುರೆಗಳನ್ನು ದೂರದ ಪಾಳೆಯಗಾರನ ಲಾಯಕ್ಕೆ ಮುಟ್ಟಿಸಬೇಕಾಗಿ ಬಂತು. ದಾರಿಯುದ್ದಕ್ಕೂ ಬಯಲಿನಲ್ಲೇ ಬೀಡು. ಕಾಡಿಗೆ ನುಗ್ಗಿದ ಕುದುರೆ ಮತ್ತೆ ಸಿಗುವುದಿಲ್ಲ. ಅವನ ಇಡೀ ಬದುಕು ಆ ಕುದುರೆಗಳ ಮೇಲೆ ನಿಂತಿತ್ತು. ಬೇಕಾದಲ್ಲಿ ಹೂಡಿ, ಬೆಳಿಗ್ಗೆ ಬಿಚ್ಚಿ ಒಯ್ಯುವಂಥ ದೊಡ್ಡಿಯೊಂದು ಬೇಕೆಂದು ಬಡಗಿಯ ಬಳಿ ಹೋದ. ಕುದುರೆಗಳೊಂದಿಗೆ ಅದೇ ದಾರಿ ಹಿಡಿಯಲಿದ್ದ ವ್ಯಾಪಾರಿಯೊಬ್ಬನೂ ಅಲ್ಲಿಗೆ ಬಂದಿದ್ದ.

ವ್ಯಾಪಾರಿ ತನ್ನ ದೊಡ್ಡಿಯ ಸುತ್ತ ನಿಲ್ಲಿಸಲು ಮತ್ತಿಮರದ ತಡಿಕೆಗಳನ್ನು ಆರಿಸಿದ. ಒಂದೊಂದನ್ನು ಎತ್ತಲು ಇಬ್ಬರು ಆಳು ಬೇಕು, ಸಾಗಿಸಲು ಗಾಡಿ ಬೇಕು. ಕುದುರೆ ಸಾಕುವವನು ಬಿದಿರಿನ ತಡಿಕೆಗಳನ್ನು ಎತ್ತಿ ನೋಡಿದ. ಒಬ್ಬನೇ ಹೊತ್ತು, ಒಬ್ಬನೇ ಹಗ್ಗ ಬಿಗಿದು ನಿಲ್ಲಿಸಬಹುದಾಗಿತ್ತು. ಗೊರಸು ಸಿಕ್ಕಿಕೊಳ್ಳುವಷ್ಟು ಸಂದಿ ಇದ್ದವನ್ನು ಪಕ್ಕಕ್ಕಿಟ್ಟು ಉಳಿದವನ್ನು ಕೊಂಡ.

"ಒಂದು ಒದೆತಕ್ಕೆ ಮುರಿಯುತ್ತದಲ್ಲಯ್ಯ," ಎಂದ ವ್ಯಾಪಾರಿ.

"ಹೌದು, ನನ್ನ ಕುದುರೆಗೆ ಅಷ್ಟು ಶಕ್ತಿಯಿದೆ," ಎಂದ ಅವನು, ಎದೆಯುಬ್ಬಿಸಿ.

ಮನೆಗೆ ಬಂದವನು ಮಳೆಗಾಲವಿಡೀ ಆ ತಡಿಕೆಗಳನ್ನು ದಿನಕ್ಕೊಂದು ಕಡೆ ಹೂಡಿದ. ಇವತ್ತು ಅಂಗಳ, ನಾಳೆ ಕೆರೆ ಏರಿಯ ಪಕ್ಕ, ನಾಡಿದ್ದು ಊರಾಚೆಯ ಬಯಲು. ಹುರುಳಿ ತಿನ್ನಿಸುವುದು, ನೀರು ಕುಡಿಸುವುದು, ಮೈ ಉಜ್ಜುವುದು ಎಲ್ಲವೂ ಅದರೊಳಗೇ. ಊರವರಿಗೆ ಅದೊಂದು ತಮಾಷೆಯಾಗಿತ್ತು. ವ್ಯಾಪಾರಿಯ ತಡಿಕೆಗಳು ಮಾತ್ರ ಹೊರಡುವ ದಿನದವರೆಗೂ ಗಾಡಿಯಿಂದ ಇಳಿಯಲಿಲ್ಲ. ದಿನಾ ಇಳಿಸಿ ಏರಿಸಲು ಆಳುಗಳು ಒಪ್ಪಬೇಕಲ್ಲ.

ದಾರಿಯಲ್ಲಿ ಇಬ್ಬರೂ ಒಂದೇ ಬಯಲಿನಲ್ಲಿ ಬೀಡುಬಿಟ್ಟಿದ್ದಾಗ ಸಂಜೆ ಬಿರುಗಾಳಿ ಎದ್ದಿತು. ಮತ್ತಿಮರದ ದೊಡ್ಡಿ ಜಗ್ಗಲಿಲ್ಲ. ಒಂದು ಮೂಲೆಯ ಗೂಟ ಮಾತ್ರ ಸಡಿಲವಾಯಿತು. ಹೊರಟಾಗಿನಿಂದ ಎದೆಯೊತ್ತಿ ಸಂದಿ ಹುಡುಕುತ್ತಿದ್ದ ಕುದುರೆಗಳಿಗೆ ಅಷ್ಟೇ ಬೇಕಿತ್ತು. ವ್ಯಾಪಾರಿ ಕೂಗುತ್ತ ಅವುಗಳ ಹಿಂದೆ ಕಾಡಿನತ್ತ ಓಡಿದ.

ಬಿದಿರಿನ ತಡಿಕೆಗಳೋ, ಒಂದೂ ಉಳಿಯದೆ ನೆಲಕ್ಕೆ ಮಲಗಿದವು. ಕುದುರೆ ಸಾಕುವವನು ಹಗ್ಗ ಹಿಡಿದು ಓಡಿಬಂದ. ಧೂಳು ಇಳಿದ ಮೇಲೆ ನೋಡುತ್ತಾನೆ, ಬಿದ್ದ ತಡಿಕೆಗಳ ನಡುವೆ ಅವನ ಕುದುರೆಗಳು ಮೈ ನಡುಗಿಸುತ್ತ ಗುಂಪಾಗಿ ನಿಂತಿವೆ. ಒಂದು ಗೊರಸೂ ಬಿದಿರನ್ನು ದಾಟಿರಲಿಲ್ಲ. ಮುಂದೆ ಪಾಳೆಯಗಾರ ಲಾಯದಲ್ಲಿ ಅವನಿಗೆ ಶಾಲು ಹೊದಿಸಿದ. ಆದರೆ ಆ ಸಂಜೆ ಆದಷ್ಟು ಹೆಮ್ಮೆ ಅವನಿಗೆ ಅಲ್ಲಿಯೂ ಆಗಲಿಲ್ಲ.

ಕತೆ ಮುಗಿದಾಗ ಮರುಳಯ್ಯನ ಮುಖ ಸಪ್ಪಗಾಗಿತ್ತು. "ಹಾಗಾದರೆ ನನಗೂ ಹಗುರವಾದ ನೇಮವನ್ನೇ ಕೊಡುತ್ತೀರಾ, ಬುದ್ಧಿ? ದಾರಿಯಲ್ಲಿ ಅದು ಬಿದ್ದುಹೋದರೆ?"

ಗುರುಗಳು ಎದ್ದು, ಅವನ ಜೋಳಿಗೆಯನ್ನು ತಾವೇ ಅವನ ಹೆಗಲಿಗೆ ಹಾಕಿದರು.

"ಬಿದ್ದರೆ ಬೀಳಲಿ, ಇಷ್ಟು ವರ್ಷ ನಾನು ಸಾಕಿದ್ದು ತಡಿಕೆಯನ್ನಲ್ಲ."