ಹೊಳೆ ಕೊಟ್ಟ ಸುಕ್ಕು

ಲೋಕ ಇನ್ನೂ ಹಸಿ ಹಸಿಯಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ಜಾಗ ಹಿಡಿದು ಕೂತಿದ್ದವು. ಎತ್ತ ಹರಿಯಬೇಕು ಅನ್ನುವುದು ಹೊಳೆಗೂ ಪೂರ್ತಿ ಗೊತ್ತಿರಲಿಲ್ಲ. ಮುದುಕರಾಗಲು ಯಾರಿಗೂ ಇನ್ನೂ ಪುರುಸೊತ್ತು ಸಿಕ್ಕಿರಲಿಲ್ಲ. ಹಾಗಾಗಿ ಜನರಲ್ಲಿ ಯಾರ ಮೈ ಮೇಲೂ ಒಂದು ಸುಕ್ಕು ಇರಲಿಲ್ಲ. ಎಲ್ಲರ ಬೆರಳೂ ಎಳೆ ಬದನೆಕಾಯಿಯ ಹಾಗೆ ನುಣ್ಣಗಿದ್ದವು.

ಆ ಹೊಳೆಯ ದಡದಲ್ಲಿ ದುಗ್ಗಿ ಎಂಬ ಹುಡುಗಿ ಇದ್ದಳು. ವಯಸ್ಸು ಐದೋ ಆರೋ. ವರ್ಷ ಎಣಿಸುವುದನ್ನು ಆಗ ಯಾರೂ ಕಲಿತಿರಲಿಲ್ಲ. ದುಗ್ಗಿಗೆ ಕಣ್ಣಿಗಿಂತ ಕೈ ಮುಂದು. ಕಂಡದ್ದನ್ನೆಲ್ಲ ಮುಟ್ಟಬೇಕು. ತೊಗಟೆ ಸವರಿ "ಒರಟು" ಅನ್ನುವಳು. ಕೆಸರಿಗೆ ಕೈ ಹಾಕಿ "ತಂಪು" ಅನ್ನುವಳು. ತುರಿಕೆ ಸೊಪ್ಪನ್ನೂ ಮುಟ್ಟಿದಳು. ಅವತ್ತು ಏನೂ ಅನ್ನಲಿಲ್ಲ, ಬರೀ ಅತ್ತಳು. ಮಾರನೆಯ ದಿನ ಇನ್ನೊಂದು ಸಲ ಮುಟ್ಟಿ ನೋಡಿದಳು.

"ಕೈ ಸುಮ್ನಿರಾಕಿಲ್ವೇನೇ ನಿಂದು?" ಎಂದು ಅವ್ವ ಗದರುವಳು.

"ಮುಟ್ದೆ ಹೆಂಗವ್ವ ಗೊತ್ತಾಯ್ತದೆ?" ಎಂದು ದುಗ್ಗಿ ಕೇಳುವಳು.

ದುಗ್ಗಿಗೆ ಎಲ್ಲಕ್ಕಿಂತ ಇಷ್ಟ ಹೊಳೆಯ ನೀರು. ಆದರೆ ಒದ್ದೆ ಕೈಯಲ್ಲಿ ಆಗ ಏನೂ ನಿಲ್ಲುತ್ತಿರಲಿಲ್ಲ. ಕಲ್ಲು ಹಿಡಿದರೆ ಕಲ್ಲು ಜಾರುತ್ತಿತ್ತು. ಸೋರೆಬುರುಡೆ ಹಿಡಿದರೆ ಸೋರೆಬುರುಡೆ ಜಾರುತ್ತಿತ್ತು.

ಒಂದು ದಿನ ಅವ್ವ ದುಗ್ಗಿಯ ತಮ್ಮ ಬೋರನಿಗೆ ಹೊಳೆಯಲ್ಲಿ ಮೈ ತೊಳೆಯುತ್ತಿದ್ದಳು. ಬೋರ ಇನ್ನೂ ಅಂಬೆಗಾಲಿಡುವ ಕೂಸು. ಅವನೂ ಒದ್ದೆ, ಅವ್ವನ ಕೈಯೂ ಒದ್ದೆ. ಸರ್ರನೆ ಜಾರಿ ನೀರಿಗೆ ಬಿದ್ದ. ಪುಣ್ಯಕ್ಕೆ ಜೊಂಡಿನ ಮೆಳೆಗೆ ಸಿಕ್ಕಿಕೊಂಡ. ಮೇಲೆತ್ತಿದಾಗ ಬೋರ ನಗುತ್ತಿದ್ದ. ಅವ್ವ ಮಾತ್ರ ಸಂಜೆಯವರೆಗೂ ಅವನನ್ನು ಕಂಕುಳಿಂದ ಇಳಿಸಲಿಲ್ಲ.

ಮಾರನೆಯ ದಿನ ಊರಿನವರೆಲ್ಲ ಸೇರಿ ದಡದುದ್ದಕ್ಕೂ ಮುಳ್ಳಿನ ಬೇಲಿ ಹಾಕಿದರು. ಇನ್ನು ಮೇಲೆ ಮಕ್ಕಳು ಯಾರೂ ನೀರಿಗೆ ಇಳಿಯುವ ಹಾಗಿಲ್ಲ. ಯಾವತ್ತೂ ಇಲ್ಲ. ದುಗ್ಗಿಗೆ ಅನ್ನ ಸೇರಲಿಲ್ಲ. ಎರಡು ದಿನ ಬೇಲಿಯ ಪಕ್ಕದಲ್ಲೇ ಕೂತಳು.

ಮೂರನೆಯ ದಿನ ಬೇಲಿಯ ಕೆಳಗೆ ಒಂದು ಏಡಿ ಮಣ್ಣು ತೋಡಿ ದಾರಿ ಮಾಡಿತ್ತು. ದುಗ್ಗಿ ಅದನ್ನು ಕೈಯಿಂದ ಇನ್ನಷ್ಟು ಅಗಲ ಮಾಡಿ ನುಸುಳಿದಳು.

"ಎಲ್ಲಿಗೆ?" ಎಂದಿತು ಏಡಿ.

"ಹೊಳೆಯವ್ವನ ತಾವ ಮಾತಾಡ್ಬೇಕು."

"ಮಾತಾಡು. ಅವಳು ನಿಂತು ಕೇಳೋಳಲ್ಲ. ನೀನೇ ಜೊತೇಲಿ ನಡೀಬೇಕು."

ದುಗ್ಗಿ ಪಾದ ಮುಳುಗುವಷ್ಟು ನೀರಿನಲ್ಲಿ ಹೊಳೆಯ ಜೊತೆ ನಡೆದಳು. ಅಂಗಾಲಿಗೆ ಏನೋ ಗೀರುಗೀರಾಗಿ ತಗುಲಿತು. ಕೂತು ಕೈಯಾಡಿಸಿದಳು. ತಳದ ಮರಳು ಸಾಲುಸಾಲಾಗಿ ಮಡಿಕೆ ಬಿದ್ದಿತ್ತು.

"ಇದು ನುಣ್ಣಗಿಲ್ವಲ್ಲ! ಏನು ಹೊಳೆಯವ್ವ ಇದು?"

"ಸುಕ್ಕು," ಎಂದಿತು ಹೊಳೆ. "ಮರಳೆಲ್ಲ ಜಾರಿ ಹೋಗ್ಬಾರ್ದು ಅಂತ ಹಿಂಗೆ ಹಿಡ್ಕೊಂಡಿವ್ನಿ."

"ನಂಗೂ ಒಸಿ ಕೊಡು. ನನ್ ತಮ್ಮ ಅವ್ವನ ಕೈಯಿಂದ ಜಾರ್ಬುಟ್ಟ."

ಹೊಳೆ ಒಂದು ಬಂಡೆ ಬಳಸಿ ಹರಿಯಿತು. "ನಂಗೂ ಅವತ್ತು ಎದೆ ಧಸಕ್ಕಂತು ಮಗಾ. ಕೊಡ್ತೀನಿ. ಆದ್ರೆ ಕೈ ಅದ್ದಿ ಓಡೋರಿಗಲ್ಲ, ನನ್ನ ಜೊತೆ ಕೂತು ಆಡೋರಿಗೆ. ದಡ ಹತ್ತಿದ್ ಮ್ಯಾಲೆ ವಾಪಸ್ ಕೊಡ್ಬೇಕು. ನಂಗೂ ಮರಳು ಹಿಡಿಯಕ್ಕೆ ಬೇಕಲ್ಲ."

ದುಗ್ಗಿ ಕೂತಳು. ಮರಳು ಸೋಸಿದಳು, ಕಲ್ಲು ಪೇರಿಸಿದಳು, ಬೊಗಸೆಯಲ್ಲಿ ನೀರು ತುಂಬಿ ಚೆಲ್ಲಿದಳು. ನೆತ್ತಿಗೆ ಬಿಸಿಲು ಬಂತು. ನೋಡಿಕೊಂಡರೆ ಹತ್ತೂ ಬೆರಳ ತುದಿಯಲ್ಲಿ ಸಣ್ಣ ಸಣ್ಣ ಮಡಿಕೆ. ಒಂದು ಕಲ್ಲು ಎತ್ತಿದಳು. ಅದು ಜಾರಲಿಲ್ಲ.

ಆಗ ಹಿಂದೆ ದುಡುಮ್ಮೆಂದು ಸದ್ದಾಯಿತು. ಬೋರ! ಅಕ್ಕ ನುಸುಳಿದ ದಾರಿಯಲ್ಲೇ ಅಂಬೆಗಾಲಿಟ್ಟು ಬಂದು ನೀರಿಗೆ ಉರುಳಿದ್ದ. ಬೇಲಿಯ ಆಚೆ ಅವ್ವ ಚೀರುತ್ತ ಬರಿಗೈಯಲ್ಲಿ ಮುಳ್ಳು ಕೀಳುತ್ತಿದ್ದಳು.

ದುಗ್ಗಿ ಕೈ ಚಾಚಿ ತಮ್ಮನ ತೋಳು ಹಿಡಿದಳು. ಒದ್ದೆ ತೋಳು, ಒದ್ದೆ ಕೈ. ತೋಳು ಒಂದು ಬೆರಳಷ್ಟು ಜಾರಿತು. ಆಮೇಲೆ ನಿಂತಿತು. ದುಗ್ಗಿಗೆ ತುಂಬ ಹೆದರಿಕೆಯಾಗಿತ್ತು, ಆದರೂ ಅವ್ವ ಬರುವವರೆಗೂ ಬಿಡಲಿಲ್ಲ.

ಅವ್ವ ಬೋರನನ್ನು ಎದೆಗವಚಿಕೊಂಡು, ಬೈಯಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಮಗಳ ಕೈ ಕಣ್ಣಿಗೆ ಬಿತ್ತು.

"ಏನೇ ಇದು, ಬೆರಳೆಲ್ಲ ಹಿಂಗಾಗವೆ?"

"ಹೊಳೆಯವ್ವ ಕೊಟ್ಟದ್ದು. ಮುಟ್ಟಿ ನೋಡವ್ವ."

ಅವ್ವ ಒಂದೊಂದೇ ಬೆರಳು ಮುಟ್ಟಿ ನೋಡಿದಳು. ಆಮೇಲೆ ಕೂಸನ್ನು ದಡದ ಮೇಲೆ ಬಿಗಿಯಾಗಿ ಮಡಿಲಲ್ಲಿಟ್ಟುಕೊಂಡು ಕೂತು, ತನ್ನ ಕೈಗಳನ್ನೂ ನೀರಿಗೆ ಬಿಟ್ಟಳು. ಬಿಸಿಲು ಇಳಿಯುವವರೆಗೂ ಏಳಲಿಲ್ಲ. ಅವತ್ತು ಸಂಜೆ ಊರಿನ ಒಲೆಗಳಿಗೆಲ್ಲ ಬೇಲಿಯ ಮುಳ್ಳೇ ಸೌದೆಯಾಯಿತು. ದೊಡ್ಡವರು ಒಬ್ಬರು ಜೊತೆಗಿದ್ದರೆ ಮಕ್ಕಳು ನೀರಿಗೆ ಇಳಿಯಬಹುದು ಎಂದಾಯಿತು.

ಅದಕ್ಕೇ ಇವತ್ತಿಗೂ, ಹೊಳೆಯಲ್ಲಾಗಲಿ ಬಚ್ಚಲಿನ ಬಕೆಟ್ಟಿನಲ್ಲಾಗಲಿ ನೀವು ತುಂಬ ಹೊತ್ತು ಆಡಿದರೆ ಬೆರಳ ತುದಿ ಸುಕ್ಕಾಗುತ್ತದೆ, ಮೈ ಒರೆಸಿಕೊಂಡು ಕೂತರೆ ಹೊಳೆ ಸದ್ದಿಲ್ಲದೆ ಬಂದು ತನ್ನದನ್ನು ತೆಗೆದುಕೊಂಡು ಹೋಗುತ್ತದೆ.