ಕೈ ಎತ್ತಿ ನಿಲ್ಲುವ ಮುಸಿಯ

ಹತ್ತಿರ ಬನ್ನಿ, ಮೆಲ್ಲಗೆ ಹೇಳುತ್ತೇನೆ. ನಾನು ಹೇಳಿದೆ ಅಂತ ಎಲ್ಲಾದರೂ ಬಾಯಿಬಿಟ್ಟೀರಿ, ಜೋಕೆ! ನಾನು ಗೋಡೆಯ ಮೇಲಿನ ಮುದಿ ಹಲ್ಲಿ. ನಾನು ಲೊಚಗುಟ್ಟಿದರೆ ಸಾಕು, ಆ ಮಾತು ನಿಜ ಅಂತ ಊರೇ ನಂಬುತ್ತೆ.

ಎದುರಿನ ಹುಣಸೆಮರದಲ್ಲಿ ಒಬ್ಬ ಮುಸಿಯ ಇದ್ದಾನೆ, ಅದೇ ಕರಿಮೂತಿಯ ಉದ್ದಬಾಲದ ಕೋತಿ. ಒಂದು ಕಾಲಕ್ಕೆ ಕಾಲೇಜಿನ ತಂಡದಲ್ಲಿ, ಆಮೇಲೆ ದೇಶದ ತಂಡದಲ್ಲೇ ಜಿಮ್ನಾಸ್ಟಿಕ್ಸ್ ಮಾಡಿ ಮೆರೆದವನು. ಈಗ ಮಂಡಿ ಸವೆದಿದೆ, ಮಾತಾಡಿಸೋರು ದಿಕ್ಕಿಲ್ಲ. ಆದರೂ ದಿನಾ ಸಂಜೆ ಕೊಂಬೆಯಿಂದ ಹಾರಿ ಇಳಿದವನೇ ಎದೆ ಸೆಟೆಸಿ ಎರಡೂ ಕೈ ಮೇಲೆತ್ತಿ ನಿಲ್ಲುತ್ತಾನೆ. ಯಾರ ಕಡೆಗೆ ಗೊತ್ತೇ? ಗಂಡ ಸತ್ತ ಅಳಿಲಮ್ಮನ ಪೊಟರೆಯ ಕಡೆಗೆ! ಅವಳೂ ಇಣುಕಿ ನಗುತ್ತಾಳೆ. ಕಂಡಮೇಲೆ ನಾನು ಸುಮ್ಮನಿರುತ್ತೇನೆಯೇ? ಮನೆಮನೆಯ ಗೋಡೆಗೂ ಹೋಗಿ ಲೊಚಗುಟ್ಟಿ ಬಂದೆ. ವಾರದೊಳಗೆ ಅಳಿಲಮ್ಮ ಮಾನಕ್ಕೆ ಅಂಜಿ ಪೊಟರೆ ಬಿಟ್ಟು ಹೋದಳು.

ಅವಳು ಹೋದ ಸಂಜೆಯೂ ಈ ಮುಸಿಯ ಹಾರಿದ, ಕೈ ಎತ್ತಿದ.

"ಇನ್ನು ಯಾರಿಗಪ್ಪಾ ಈ ಸನ್ನೆ?" ಅಂತ ಚುಚ್ಚಿದೆ.

ಅವನು ನನ್ನ ಮುಖ ನೋಡಿಯೇ ಹೇಳಿದ: "ಸನ್ನೆಯಲ್ಲ ಅಜ್ಜಿ. ನೆಲಕ್ಕಿಳಿದ ಮೇಲೆ ಕೈ ಎತ್ತಿ ತೀರ್ಪುಗಾರರಿಗೆ ತೋರಿಸೋದು ನಮ್ಮ ಪದ್ಧತಿ. ತೀರ್ಪುಗಾರರು ಎದ್ದುಹೋಗಿ ಇಪ್ಪತ್ತು ವರ್ಷವಾಯಿತು, ಕೈಗೆ ಮಾತ್ರ ಅದು ತಿಳಿಯದು. ಆಯಮ್ಮ ನೋಡಿ ನಗುತ್ತಿದ್ದಳು, ನನಗೆ ಅಷ್ಟೇ ಸಾಕಾಗಿತ್ತು. ಈಗ ನನ್ನನ್ನು ನೋಡೋರು ಅಂತ ನೀವೊಬ್ಬರೇ ಉಳಿದಿರಿ. ನಾಳೆಯೂ ಗೋಡೆ ಮೇಲೆ ಇರುತ್ತೀರಲ್ಲ?"